ಕೈಜಾರಿದ ಮುದ್ದೆ

ಅರಸೀಕೆರೆಯ ರೈಲು ನಿಲ್ದಾಣದ ಬಳಿ ದಿನವೂ ಕಾರು ನಿಲ್ಲಿಸುವ ಗೃಹಸ್ಥರೊಬ್ಬರು ಒಂದು ಭಾನುವಾರ ಹೈಸ್ಕೂಲು ಓದುವ ಮಗನೊಂದಿಗೆ ಅದನ್ನು ತೊಳೆಯಲು ನಿಂತರು. ಶಾಂಪೂ ಹಾಕಿ ತೊಳೆದ ಮೇಲೆ ಕಾರು ಫಳಫಳ ಹೊಳೆಯಿತು.

"ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿ ನೋಡು" ಎಂದರು ಅಪ್ಪ. ಹುಡುಗ ಸವರಿದ. ಉಪ್ಪುಕಾಗದದಂತೆ ತರಿತರಿ! ರೈಲಿನ ಬ್ರೇಕು, ಗಾಲಿ, ಹಳಿಗಳು ಸವೆದು ಹಾರುವ ಕಬ್ಬಿಣದ ಕಣಗಳು ಬಣ್ಣಕ್ಕೆ ಕಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತವೆ. ಸೋಪಿಗೆ ಅವು ಜಗ್ಗುವುದಿಲ್ಲ.

ಅದಕ್ಕೆ ಮದ್ದು ಕ್ಲೇ ಬಾರ್. ಹೆಸರಿಗೆ ಜೇಡಿಮಣ್ಣು, ನಿಜವಾಗಿ ನಯವಾದ ಉಜ್ಜುಪುಡಿ ಬೆರೆಸಿದ ಮೆತ್ತನೆಯ ಕೃತಕ ಮುದ್ದೆ. ಸೋಪುನೀರು ಚಿಮುಕಿಸಿ, ಒತ್ತದೆ ಜಾರಿಸಿದರೆ ಮೇಲೆದ್ದ ಕಣಗಳನ್ನು ಕಿತ್ತು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಕೊನೆಗೆ ಮೇಣ ಹಚ್ಚಬೇಕು.

ಅರ್ಧ ಕೆಲಸ ಮುಗಿದಿತ್ತು. ಅಪ್ಪ ನೀರು ತರಲು ಒಳಗೆ ಹೋದಾಗ ಮುದ್ದೆ ಹುಡುಗನ ಕೈಜಾರಿ ಅಂಗಳದ ಮಣ್ಣಿಗೆ ಬಿತ್ತು. ಹೊಸದು, ಬೆಲೆಯೂ ಕಡಿಮೆಯಲ್ಲ. ತೊಳೆದಿಟ್ಟರೆ ಯಾರಿಗೂ ತಿಳಿಯದು. ಆದರೆ ಕಣಗಳನ್ನು ಹಿಡಿದಿಡುವುದೇ ಅದರ ಗುಣವಲ್ಲವೇ? ಒಳಹೊಕ್ಕ ಮರಳು ನೀರಿಗೆ ಬಿಡದು. ಕೂದಲೆಳೆಯಷ್ಟೂ ದಪ್ಪವಿಲ್ಲದ ಮೇಲ್ಲೇಪವನ್ನು ಗೀರಿಬಿಡುತ್ತದೆ.

"ಅಪ್ಪಾ, ಬೀಳಿಸಿಬಿಟ್ಟೆ" ಎಂದ ಹುಡುಗ, ತಲೆ ತಗ್ಗಿಸಿ.

ಅಪ್ಪನ ಹುಬ್ಬು ಗಂಟಾಯಿತು. ಕ್ಷಣ ಸುಮ್ಮನಿದ್ದು ಮುದ್ದೆಯನ್ನು ಕಸದ ಬುಟ್ಟಿಗೆ ಹಾಕಿದರು. "ಹೇಳಿದೆಯಲ್ಲ, ಬಣ್ಣ ಉಳಿಯಿತು" ಎಂದರು.

ಸೋಮವಾರ ಕಾರು ಅರ್ಧ ನುಣುಪಾಗಿ, ಅರ್ಧ ತರಿಯಾಗಿಯೇ ನಿಲ್ದಾಣಕ್ಕೆ ಹೋಯಿತು. ಗೀರು ಮಾತ್ರ ಒಂದೂ ಇರಲಿಲ್ಲ.