ಅರ್ಗಾ ಎಂದು ಹುಡುಕಿದರೆ

ಜುಲೈ 22, 2024, ಸೋಮವಾರ, ಕೋಡಿಬಾಗ

ಬೆಳಗಿನಿಂದ ಬಿಡದ ಮಳೆ. ಶಿರೂರಿನಲ್ಲಿ ಗುಡ್ಡ ಕುಸಿದು ಇಂದಿಗೆ ಆರು ದಿನ. ಕುಮಟಾ ಕಡೆಯ ಕಕ್ಷಿದಾರರು ಯಾರೂ ಬರಲಿಲ್ಲ. ಆಫೀಸು ಖಾಲಿ. ವಕೀಲರು ಬಹಳ ದಿನದಿಂದ ಹೇಳುತ್ತಿದ್ದ ಕೆಲಸಕ್ಕೆ ಇವತ್ತು ಕೈಹಚ್ಚಿದೆ. ಸೀಬರ್ಡ್ ನೌಕಾನೆಲೆಗೆ ಜಮೀನು ಕಳೆದುಕೊಂಡ ನಿರಾಶ್ರಿತರ ಪರಿಹಾರದ ಕಾಗದಗಳನ್ನು ಕುಟುಂಬಕ್ಕೊಂದರಂತೆ ಒಂದೇ ಪಿಡಿಎಫ್ ಆಗಿ ಕಟ್ಟಬೇಕು.

ಪಹಣಿ, ಮ್ಯುಟೇಶನ್, ವಂಶವೃಕ್ಷ, ಐತೀರ್ಪಿನ ನಕಲು, ನ್ಯಾಯಾಲಯದ ಆದೇಶ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಎಲ್ಲವೂ ಸ್ಕ್ಯಾನ್ ಆಗಿ ಬೇರೆ ಬೇರೆ ಫೈಲಿನಲ್ಲಿವೆ. ಯಾವುದು ಎಲ್ಲಿದೆ ಎಂಬುದು ಮಾತ್ರ ನಾನು ಆಕ್ಸೆಸ್‌ನಲ್ಲಿ ಮಾಡಿಟ್ಟ ಡೇಟಾಬೇಸಿಗೆ ಗೊತ್ತು. ಸರ್ವೆ ನಂಬರ್, ಹಿಸ್ಸಾ, ಖಾತೆದಾರ, ವಾರಸುದಾರರು ಎಲ್ಲ ಅದರಲ್ಲಿದೆ. ಒಂದು ಗುಂಡಿ ಒತ್ತಿದರೆ ಅದೇ ಮುಖಪುಟ ಬರೆದು, ಉಳಿದ ಫೈಲುಗಳನ್ನು ಕ್ರಮವಾಗಿ ಜೋಡಿಸಿ ಕೊಡಬೇಕು ಎಂಬುದು ನನ್ನ ಆಸೆ.

ಸಂಜೆಗೆ ಒಂದು ಕಡತ ಆಯಿತು. ಎಲ್ಲ ಫೈಲುಗಳನ್ನೂ ಪಿಡಿಎಫ್ ಪ್ರಿಂಟರಿಗೆ ಕಳಿಸಿ ಒಂದು ಮಾಡಿದ್ದೆ. ನೋಡಲು ಚೆಂದ. ಆದರೆ ಹುಡುಕಿದರೆ ಒಂದು ಪದವೂ ಸಿಗಲಿಲ್ಲ. ನಾನೇ ಟೈಪು ಮಾಡಿದ ಮುಖಪುಟವೂ ಬರಿಯ ಚಿತ್ರವಾಗಿತ್ತು.

ಜುಲೈ 25, ಗುರುವಾರ

ತಪ್ಪು ಎಲ್ಲಿ ಎಂದು ತಿಳಿಯಿತು. ಮತ್ತೊಮ್ಮೆ ಮುದ್ರಿಸುವುದು ಬೇರೆ, ಹೊಲಿಯುವುದು ಬೇರೆ. ನನ್ನ ಪ್ರಿಂಟರ್ ಹಳೆಯ ಪುಟದ ಮೇಲ್ನೋಟವನ್ನಷ್ಟೇ ಹಿಡಿದುಕೊಂಡು ಹೊಸ ಪುಟ ಬರೆದಿತ್ತು. ಒಳಗಿನ ಅಕ್ಷರ ಅಲ್ಲೇ ಬಿದ್ದುಹೋಗಿತ್ತು. ಪಿಡಿಎಫ್‌ಟಿಕೆ, ಕ್ಯೂಪಿಡಿಎಫ್ ಮುಂತಾದ ಉಚಿತ ಸಾಧನಗಳು ಹಾಗಲ್ಲ. ಪುಟವನ್ನು ಇದ್ದ ಹಾಗೆಯೇ, ಅದರ ಫಾಂಟು ಮತ್ತು ಅಕ್ಷರದ ಪದರದ ಸಮೇತ ಎತ್ತಿ ಹೊಸ ಫೈಲಿನಲ್ಲಿಡುತ್ತವೆ. ಕಡತಕ್ಕೆ ಟ್ಯಾಗು ಹಾಕಿ ಕಟ್ಟಿದಂತೆ. ಕಾಗದಕ್ಕೆ ಏನೂ ಆಗುವುದಿಲ್ಲ.

ಆಕ್ಸೆಸ್‌ನ ಒಳಗಿಂದಲೇ ಅದನ್ನು ಕರೆಯಲು ಮಧ್ಯಾಹ್ನವೆಲ್ಲ ಹೋಯಿತು. ಶೆಲ್ ಎಂಬ ಆಜ್ಞೆ ಕೆಲಸ ಹೇಳಿ ಸುಮ್ಮನೆ ಮುಂದೆ ಹೋಗಿಬಿಡುತ್ತದೆ, ಮುಗಿಯುವವರೆಗೆ ಕಾಯುವುದಿಲ್ಲ. ಜೋಡಣೆ ಅರ್ಧದಲ್ಲಿರುವಾಗಲೇ ಮುಂದಿನ ಸಾಲು ಫೈಲನ್ನು ತೆರೆಯಲು ಹೋಗಿ ಮುರಿದ ಫೈಲು ಕೈಗೆ ಬಂತು. ವಿಂಡೋಸ್ ಸ್ಕ್ರಿಪ್ಟ್ ಹೋಸ್ಟಿನ ರನ್ ಆಜ್ಞೆಗೆ ‘ಕಾಯು’ ಎಂದು ಹೇಳಲು ಬರುತ್ತದೆ. ಅದನ್ನು ಹಾಕಿದ ಮೇಲೆ ಸರಿಯಾಯಿತು. ಇನ್ನೊಂದು: ಆಕ್ಸೆಸ್‌ನ ಕೋಡ್ ಬರೆಯುವ ಕಿಟಕಿಯಲ್ಲಿ ಕನ್ನಡ ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹಾಗಾಗಿ ಫೈಲುಗಳಿಗೆ ಖಾತೆದಾರರ ಹೆಸರು ಬಿಟ್ಟು ಸರ್ವೆ ನಂಬರನ್ನೇ ಹೆಸರಾಗಿ ಇಟ್ಟೆ. ಅಂಕಿ ಎಲ್ಲಿಯೂ ಕೆಡುವುದಿಲ್ಲ.

ಜುಲೈ 30, ಮಂಗಳವಾರ

ಹಳೆಯ ಅರ್ಜಿಗಳೆಲ್ಲ ನುಡಿಯಲ್ಲಿ ಟೈಪಾದವು, ಯೂನಿಕೋಡ್ ಅಲ್ಲದ ಹಳೆಯ ಫಾಂಟು. ಪರದೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಮೂಲ ವರ್ಡ್ ಫೈಲು ಇದ್ದವನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ ತಂದು ಹೊಸ ಪಿಡಿಎಫ್ ಮಾಡಿದೆ. ಇಲ್ಲದವು ಹಾಗೆಯೇ ಉಳಿದಿವೆ.

ಆಗಸ್ಟ್ 3, ಶನಿವಾರ

ಇವತ್ತಿನದು ಮರೆಯುವಂಥದ್ದಲ್ಲ.

ತೋಡೂರು ಕಾಲೊನಿಯಿಂದ ಅಜ್ಜಿಯೊಬ್ಬರು ಮೊಮ್ಮಗನ ಜೊತೆ ಬಂದರು. ಮೂಲ ಊರು ಅರ್ಗಾ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ನೌಕಾನೆಲೆಗೆ ಅಡಿಗಲ್ಲು ಹಾಕಿದಾಗ ಗಂಡನ ಹೆಗಲ ಮೇಲೆ ಮಗನನ್ನು ಕೂರಿಸಿ ನೋಡಲು ಹೋಗಿದ್ದರಂತೆ. 2005ರ ಮೇ 31ರಂದು ಐಎನ್ಎಸ್ ಕದಂಬ ಸೇವೆಗೆ ಸೇರುವ ಹೊತ್ತಿಗೆ ಅವರ ಮನೆ, ಗದ್ದೆ, ತೆಂಗು ಯಾವುದೂ ಅಲ್ಲಿರಲಿಲ್ಲ.

‘ನಮ್ಮನೆಯವರ ಹೆಸ್ರು ಅದ್ರಲ್ಲಿ ಇತ್ತೋ ಇಲ್ವೋ ನೋಡು ತಮಾ’ ಎಂದರು.

ಕಟ್ಟಿದ ಕಡತಗಳನ್ನೆಲ್ಲ ಒಟ್ಟಿಗೆ ಇಟ್ಟು ‘ಅರ್ಗಾ’ ಎಂದು ಹುಡುಕಿದೆ. ಒಂದೂ ಇಲ್ಲ. ಅವರ ಗಂಡನ ಹೆಸರಿನಲ್ಲೂ ಒತ್ತಕ್ಷರ ಇತ್ತು, ಅದೂ ಸಿಗಲಿಲ್ಲ. ‘ಇಲ್ಲ ಅಜ್ಜಿ’ ಎಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ, ಮಡಿಕೆಯಲ್ಲಿ ಹರಿದುಹೋಗಿದ್ದ ಹಳೆಯ ನೋಟೀಸು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿದ್ದ ಸರ್ವೆ ನಂಬರ್ ಹಾಕಿದೊಡನೆ ಕಡತ ತೆರೆಯಿತು. ಮುಖಪುಟದ ಮೊದಲ ಸಾಲಿನಲ್ಲೇ ಅರ್ಗಾ ಇದೆ, ಹೆಸರೂ ಇದೆ. ನಾನೇ ಟೈಪು ಮಾಡಿದ್ದು.

ಅವರು ನೋಟೀಸು ತಾರದೆ ಬಂದಿದ್ದರೆ ನನ್ನ ಮಾತು ನಂಬಿಕೊಂಡು ಹಿಂದಿರುಗುತ್ತಿದ್ದರು. ಅದು ನೆನೆದರೆ ಊಟ ಸೇರುವುದಿಲ್ಲ.

ಆಗಸ್ಟ್ 4, ಭಾನುವಾರ

ಮುಖಪುಟದಿಂದ ‘ಅರ್ಗಾ’ ಪದವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿದೆ. ಅರ್ಕಾವೊತ್ತು ಗಾ ಅಕ್ಷರದ ಆಚೆಗೆ ಹೋಗಿ ಕುಳಿತಿತ್ತು. ನಾವು ಬಾಯಲ್ಲಿ ರಕಾರವನ್ನು ಮೊದಲು ಹೇಳುತ್ತೇವೆ, ಯೂನಿಕೋಡಿನಲ್ಲೂ ಅದೇ ಮೊದಲು. ಬರಹದಲ್ಲಿ ಮಾತ್ರ ಅದು ಹಿಂದೆ ಬರುತ್ತದೆ. ಪಿಡಿಎಫ್ ಇಟ್ಟುಕೊಳ್ಳುವುದು ಚಿತ್ರ ಬರೆದ ಕ್ರಮವನ್ನು. ಹುಡುಕುವಾಗ ನಾವು ಕೊಡುವುದು ಮಾತಿನ ಕ್ರಮವನ್ನು. ತೋಡೂರಿನ ‘ತೋ’ ಕೂಡ ಒಳಗೆ ಚೂರಾಗಿತ್ತು: ತೆ, ಕೊಂಬು, ದೀರ್ಘ ಬೇರೆ ಬೇರೆ. ಬಿಣಗಾ ಮಾತ್ರ ಸರಿಯಾಗಿ ಸಿಕ್ಕಿತು. ಊರಿನ ಹೆಸರಲ್ಲಿ ಒತ್ತೋ ಓತ್ವವೋ ಇದ್ದವರು ಸಿಗುವುದಿಲ್ಲ, ಇಲ್ಲದವರು ಸಿಗುತ್ತಾರೆ ಎಂದರೆ ಅದು ಒಪ್ಪುವ ಮಾತೇ?

ಆಮೇಲೆ ಅಜ್ಜಿಯ ಕಡತದಲ್ಲಿದ್ದ ಐತೀರ್ಪಿನ ಸ್ಕ್ಯಾನಿಗೆ, ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಓಸಿಆರ್ ಹಾಕಿದೆ. ಅದರಲ್ಲಿ ಕನ್ನಡ ಬರುತ್ತದೆ. ಪುಟದ ಚಿತ್ರವನ್ನು ಹಾಗೆಯೇ ಬಿಟ್ಟು, ಕಣ್ಣಿಗೆ ಕಾಣದ ಅಕ್ಷರದ ಪದರವೊಂದನ್ನು ಅದರ ಜೊತೆಗೆ ಸೇರಿಸುತ್ತದೆ. ಆ ಪದರದಲ್ಲಿ ಅಕ್ಷರಗಳು ಮಾತಿನ ಕ್ರಮದಲ್ಲೇ ಇರುತ್ತವೆ. ಹುಡುಕಿದೆ. ಅರ್ಗಾ ಸಿಕ್ಕಿತು, ಮೂರು ಕಡೆ. ಕಂಪ್ಯೂಟರಿನಲ್ಲೇ ಹುಟ್ಟಿದ ಪುಟಕ್ಕಿಂತ ಹಳೆಯ ಕಾಗದದ ಸ್ಕ್ಯಾನೇ ಚೆನ್ನಾಗಿ ಉತ್ತರ ಕೊಟ್ಟಿತು. ಓಸಿಆರ್ ಕೂಡ ತಪ್ಪು ಓದುತ್ತದೆ, ಮಸಿ ಹರಡಿದಲ್ಲಿ ಒತ್ತುಗಳನ್ನು ನುಂಗುತ್ತದೆ. ಆದ್ದರಿಂದ ಹೆಸರು, ಊರು, ಸರ್ವೆ ನಂಬರ್ ಈ ಮೂರನ್ನಾದರೂ ಪುಟಪುಟಕ್ಕೆ ಕಣ್ಣಿಟ್ಟು ನೋಡಲೇಬೇಕು.

ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. 1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ ಸೇರಿದ 28ಎ ಕಲಮಿನ ಪ್ರಕಾರ, ಒಂದೇ ಅಧಿಸೂಚನೆಯಲ್ಲಿ ಜಮೀನು ಹೋದವರ ಪೈಕಿ ಒಬ್ಬರಿಗೆ ನ್ಯಾಯಾಲಯ ದರ ಹೆಚ್ಚಿಸಿದರೆ ಕೋರ್ಟಿಗೆ ಹೋಗದವರೂ ಅದನ್ನು ಕೇಳಬಹುದಿತ್ತು, ತೀರ್ಪಿನಿಂದ ಮೂರು ತಿಂಗಳ ಒಳಗೆ. 2014ರ ಜನವರಿ 1ರಿಂದ ಹೊಸ ಕಾಯ್ದೆ ಬಂದಿದ್ದರೂ ಹಳೆಯ ಅರ್ಜಿಗಳ ಕಾಗದ ಇಂದಿಗೂ ಬೇಕಾಗುತ್ತದೆ. ಅದೇ ಅಧಿಸೂಚನೆಯಲ್ಲಿ ಇನ್ನು ಯಾರು ಯಾರಿದ್ದರು ಎಂದು ಹುಡುಕುವವನಿಗೆ ಒಂದು ಹೆಸರು ತಪ್ಪಿದರೆ ಒಂದು ಮನೆಯೇ ತಪ್ಪಿದಂತೆ.

ಆಗಸ್ಟ್ 7, ಬುಧವಾರ

ರಾತ್ರಿ ಒಂದು ಗಂಟೆಯ ಸುಮಾರಿಗೆ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿದ್ದಿದೆ. ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿದ. ಬೆಳಗ್ಗೆ ದಡಕ್ಕೆ ಹೋಗಿ ನೋಡಿದೆ. ನಾಲ್ಕು ದಶಕ ನಾವೆಲ್ಲ ಸದಾಶಿವಗಡಕ್ಕೆ ಹೋಗಿಬಂದ ದಾರಿ, ತುಂಡು ತುಂಡಾಗಿ ನೀರಿನಲ್ಲಿತ್ತು. ಆಚೆ ದಡದಿಂದ ಕಾಗದ ತರಬೇಕಿದ್ದವರು ಬರಲಿಲ್ಲ.

ಮನೆಗೆ ಬಂದವನೇ ಡೇಟಾಬೇಸನ್ನೂ ಎಲ್ಲ ಪಿಡಿಎಫ್‌ಗಳನ್ನೂ ಇನ್ನೆರಡು ಡಿಸ್ಕಿಗೆ ಹಾಕಿದೆ. ಒಂದನ್ನು ವಕೀಲರ ಮನೆಗೆ ಕೊಟ್ಟುಬಂದೆ.

ಆಗಸ್ಟ್ 11, ಭಾನುವಾರ

ಗುಂಡಿ ಈಗ ಹೀಗೆ ಕೆಲಸ ಮಾಡುತ್ತದೆ. ಮೊದಲು ಆಕ್ಸೆಸ್ ಮುಖಪುಟವನ್ನೂ ಕಾಗದಗಳ ಪಟ್ಟಿಯನ್ನೂ ಬರೆಯುತ್ತದೆ. ಆ ಎರಡು ಪುಟಗಳನ್ನು ಬೇಕೆಂದೇ ಚಿತ್ರವಾಗಿಸಿ ಓಸಿಆರ್ ಪದರ ಹಾಕುತ್ತೇನೆ, ಹೆಸರಿನ ಅಕ್ಷರಗಳನ್ನು ಸ್ವತಃ ಓದಿ ನೋಡುತ್ತೇನೆ. ನಂತರ ಹೊಲಿಗೆ. ಕೊನೆಗೆ ಖಾತೆದಾರ, ಊರು, ಸರ್ವೆ ನಂಬರುಗಳನ್ನು ಡೇಟಾಬೇಸಿನಿಂದಲೇ ತೆಗೆದು ಯುಟಿಎಫ್-8 ಫೈಲಿನಲ್ಲಿ ಬರೆದು ಪಿಡಿಎಫ್‌ಟಿಕೆಗೆ ಕೊಡುತ್ತೇನೆ, ಅದು ಬುಕ್‌ಮಾರ್ಕುಗಳಾಗಿ ಕೂರುತ್ತದೆ. ಪಕ್ಕದ ಪಟ್ಟಿಯಲ್ಲಿ ಹೆಸರು ಕನ್ನಡದಲ್ಲಿ, ಒತ್ತು ಅದರ ಜಾಗದಲ್ಲಿ.

ಅಜ್ಜಿಯ ಮೊಮ್ಮಗ ಮಧ್ಯಾಹ್ನ ಬಂದಿದ್ದ. ಅವನ ಮುಂದೆಯೇ ‘ಅರ್ಗಾ’ ಎಂದು ಹುಡುಕಿದೆ. ಅವರ ಕಡತದಲ್ಲಿ ಐದು ಕಡೆ ಸಿಕ್ಕಿತು, ಅಜ್ಜನ ಹೆಸರು ನಾಲ್ಕು ಕಡೆ. ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕೊಟ್ಟೆ, ಮುದ್ರಿಸಿದ ಒಂದು ಪ್ರತಿಯನ್ನೂ ಕೊಟ್ಟೆ, ಹಳೆಯ ನೋಟೀಸನ್ನು ಲ್ಯಾಮಿನೇಟ್ ಮಾಡಿಸಬೇಡಿ, ಬಟ್ಟೆಯಲ್ಲಿ ಸುತ್ತಿಡಿ ಎಂದು ಹೇಳಿ ಕಳಿಸಿದೆ.

ನುಡಿಯಲ್ಲಿರುವ ನಲವತ್ತೊಂದು ಕಡತ ಬಾಕಿ ಇವೆ. ನಾಳೆ ಮೊದಲನೆಯದು.