ಏಳೇ ಪ್ರದರ್ಶನಗಳ ನಾಟಕ

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಮೇಷ್ಟರಿಗೆ ಹಳ್ಳಿಯ ಹಾಡುಗಳಲ್ಲಿ ಆಸಕ್ತಿಯೆಂಬುದನ್ನು ಮರೆಯದೆ, ಅಲ್ಲಿಯ ಜಾನ್ ಹೆನ್ರಿಯೆಂಬ ಜನಪದ ವೀರನ ಹಾಡನ್ನೂ ವೃತ್ತಾಂತವನ್ನೂ ನನಗೆ ಕಳುಹಿಸಿದ್ದನು. ಕೌಮುದಿಯೊಡನೆ ಬಾಲ್ಯವನ್ನು ಕಳೆದ ನನಗೆ ಇಂಗ್ಲಿಷಿನಲ್ಲಿ ಗತಿ ಮಂದ. ಆದಾಗ್ಯೂ ನಿಘಂಟನ್ನು ಪಕ್ಕದಲ್ಲಿರಿಸಿಕೊಂಡು ಓದಿದೆನು.

ಜಾನ್ ಹೆನ್ರಿ ಕಪ್ಪು ಜನಾಂಗದ ಕೂಲಿಯಾಳು. ಪಶ್ಚಿಮ ವರ್ಜೀನಿಯಾ ಪ್ರಾಂತದಲ್ಲಿ 1870–72ರ ಅವಧಿಯಲ್ಲಿ ರೈಲುಮಾರ್ಗಕ್ಕಾಗಿ ಬಿಗ್ ಬೆಂಡ್ ಎಂಬ ಸುರಂಗವನ್ನು ಕೊರೆಯುತ್ತಿದ್ದಾಗ, ಬಂಡೆಗೆ ಉಕ್ಕಿನ ಸಲಾಕೆಯನ್ನು ಹೊಡೆದು ಕುಳಿಮಾಡುವುದು ಅವನ ಕೆಲಸವಾಗಿತ್ತೆಂದು ಜನರ ಹೇಳಿಕೆ. ಅಲ್ಲಿಗೆ ಆವಿಯ ಯಂತ್ರ ಬಂದಿತು. ಅವನು ಅದರೊಡನೆ ಪಂಥ ಕಟ್ಟಿ ಗೆದ್ದನು. ಗೆದ್ದು, ಸುತ್ತಿಗೆ ಕೈಯಲ್ಲಿರುವಂತೆಯೇ ಪ್ರಾಣಬಿಟ್ಟನು. ಇಂಥವನೊಬ್ಬನು ನಿಜವಾಗಿ ಇದ್ದನೇ, ಇದ್ದರೆ ಸುರಂಗ ಅದೇ ಹೌದೇ ಎಂಬಲ್ಲಿ ಚರಿತ್ರಕಾರರಿಗೆ ಐಕಮತ್ಯವಿಲ್ಲ. ಹಾಡುವವರನ್ನು ಆ ಸಂಶಯ ಎಂದೂ ಬಾಧಿಸಿದಂತೆ ಕಾಣದು.

ರೋರ್ಕ್ ಬ್ರಾಡ್‌ಫರ್ಡ್ ಎಂಬ ಬಿಳಿಯ ಲೇಖಕನು 1931ರಲ್ಲಿ ಇದನ್ನು ಕಾದಂಬರಿಯಾಗಿಸಿ, ತರುವಾಯ ಸಂಗೀತನಾಟಕವಾಗಿಯೂ ಮಾಡಿದನು. ಸ್ವರ ಹಾಕಿದವನು ಜಾಕ್ ವುಲ್ಫ್. 1940ರ ಜನವರಿ 10ರಂದು ಅದು ನ್ಯೂಯಾರ್ಕಿನಲ್ಲಿ ರಂಗವೇರಿತು. ನಾಯಕನ ಪಾತ್ರ ವಹಿಸಿದವನು ಪಾಲ್ ರೋಬ್ಸನ್. ಗುಡುಗು ದೂರದಲ್ಲಿ ಉರುಳಿದಂತಹ ಮಂದ್ರದ ಕಂಠ ಆತನದು. ಅಂಥವನಿದ್ದೂ ನಾಟಕ ಏಳು ಪ್ರದರ್ಶನಗಳಿಗೆ ಮುಗಿಯಿತು! ಅದೇ ನಟನು 1943ರಲ್ಲಿ ಅದೇ ನಗರದಲ್ಲಿ ಒಥೆಲೊ ಆಗಿ ನಿಂತಾಗ ಆ ನಾಟಕ 296 ಪ್ರದರ್ಶನಗಳನ್ನು ಕಂಡಿತು. ಹಾಗಾದುದರಿಂದ ದೋಷವನ್ನು ನಟನ ತಲೆಗೆ ಕಟ್ಟುವಂತಿಲ್ಲ.

ನಾಯಕನ ಮರಣ ಪ್ರೇಕ್ಷಕರಿಗೆ ಸಹ್ಯವಾಗಲಿಲ್ಲವೆನ್ನೋಣವೇ? ರಂಗದ ಮೇಲೆ ವಧೆಯನ್ನು ತೋರಬಾರದೆಂದು ನಮ್ಮ ದಶರೂಪಕವೂ ಹೇಳುತ್ತದೆ. ಆದರೆ ಭಾಸನು ಊರುಭಂಗದಲ್ಲಿ ದುರ್ಯೋಧನನನ್ನು ಎಲ್ಲರ ಕಣ್ಣೆದುರಿಗೇ ಸಾಯಿಸಿದ್ದಾನೆ, ಮತ್ತು ನಾವು ಅದನ್ನು ಮೆಚ್ಚಿ ಓದುತ್ತೇವೆ. ನನಗೆ ತೋರುವ ಕಾರಣ ಬೇರೆ. ಬ್ರಾಡ್‌ಫರ್ಡನು ಸುರಂಗವನ್ನೇ ಬಿಟ್ಟು, ಕಥೆಯನ್ನು ಮಿಸಿಸಿಪ್ಪಿ ನದಿಯ ದಡಕ್ಕೆ ಒಯ್ದು, ಹತ್ತಿಯ ಹೊರೆಗಳನ್ನೆತ್ತುವ ಯಂತ್ರದೊಡನೆ ಪಂಥ ಕಟ್ಟಿಸಿದನು. ಆ ಹಾಡಿನ ತಾಳವಾದರೋ ಸುತ್ತಿಗೆಯದು. ಒಂದು ಮಾತು, ಒಂದು ಪೆಟ್ಟು. ಉಸಿರು ಬಿಡುವುದೂ ಪೆಟ್ಟು ಬೀಳುವುದೂ ಒಂದೇ ಕ್ಷಣ. ಸುತ್ತಿಗೆಯನ್ನು ತೆಗೆದ ಮೇಲೆ ಎಷ್ಟು ವಾದ್ಯಗಳನ್ನು ಕೂಡಿಸಿದರೇನು?

ನಮ್ಮ ಸೀಮೆಯವರಿಗೆ ಈ ಮಾತು ಸುಲಭವಾಗಿ ತಿಳಿದೀತು. ಶಿಕಾರಿಪುರ, ಸೊರಬಗಳೆಂದರೆ ಕೆರೆಗಳ ಸೀಮೆ. ಊರಿಗೊಂದಲ್ಲ, ಎರಡು ಮೂರು ಕೆರೆಗಳಿರುವ ಗ್ರಾಮಗಳೂ ಉಂಟು. ನಾನು ಸೊರಬದ ಕಡೆಯ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ ‘ಕೆರೆಗೆ ಹಾರ’ವನ್ನು ಗೀತನಾಟಕ ಮಾಡಿ ಆಡಿಸಿದೆವು. ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದೆ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಟ್ಟ ಆ ಕಥೆ ವಾಚಕರಿಗೆಲ್ಲ ತಿಳಿದದ್ದೇ. ಹಾರ್ಮೋನಿಯಂ ವಿದ್ವಾಂಸರೊಬ್ಬರು ಮೋಹನ, ಭೈರವಿಗಳಲ್ಲಿ ಪದಗಳನ್ನು ಕೂಡಿಸಿಕೊಟ್ಟರು. ಎರಡು ರಾತ್ರಿ ಆಟವಾಯಿತು. ಮೂರನೆಯ ರಾತ್ರಿಗೆ ಕರೆ ಬರಲಿಲ್ಲ.

ಹಾಡನ್ನು ನನಗೆ ಒದಗಿಸಿದ್ದ ಮುದುಕಿ ಮೊದಲ ರಾತ್ರಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಳು. ಕೆರೆಯ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವ ಸಂದರ್ಭ ಬಂದಾಗ, ಹಾರ್ಮೋನಿಯಂ ತನ್ನ ದಾರಿ ಹಿಡಿದಿರಲು, ಇವಳು ಮೆಲ್ಲಗೆ ತನ್ನ ಧಾಟಿಯಲ್ಲಿ ಹಾಡತೊಡಗಿದಳು. ಅಕ್ಕಪಕ್ಕದ ಹೆಂಗಸರೂ ಅವಳ ಕಡೆಗೇ ಕಿವಿಗೊಟ್ಟರು. ಮಾರನೆಯ ದಿನ ಅವಳನ್ನು ವಿಚಾರಿಸಿದೆನು. “ನೀವೆಲ್ಲ ಒಣ ಹಲಗೆ ಮೇಲೆ ನಿಂತು ಹಾಡಿದ್ರಿ ಮಾಸ್ತರೆ. ನಾವು ನಟ್ಟಿ ಗದ್ದೇಲಿ ನಿಂತು ಹಾಡೋರು. ಕಾಲಿಗೆ ನೀರು ತಾಗ್ತಿರ್ತದೆ” ಎಂದಳು. ಸಸಿ ನೆಟ್ಟು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುವ ಹೆಂಗಸರ ಬಾಯಲ್ಲಿ, ಭಾಗೀರಥಿಯ ಪಾದ ಮುಳುಗಿತು, ಮೊಣಕಾಲು ಮುಳುಗಿತು ಎಂಬುದನ್ನು ನಾನು ಅದುವರೆಗೆ ಎಷ್ಟು ಸಲ ಬದುವಿನ ಮೇಲೆ ನಿಂತು ಕೇಳಿರಲಿಲ್ಲ!

ಅವಳು ತೀರಿಕೊಂಡು ವರ್ಷಗಳಾದುವು. ಅವಳು ನಟ್ಟಿ ಮಾಡುತ್ತಿದ್ದ ಗದ್ದೆಯಲ್ಲಿ ಈಗ ಅಡಕೆಯ ಗಿಡಗಳು ಎದೆಯೆತ್ತರ ಬೆಳೆದಿವೆ. ಕಳೆದ ಮಾಘದಲ್ಲಿ ಅವಳ ಮೊಮ್ಮಗಳು, ಶಿವಮೊಗ್ಗದಲ್ಲಿ ಓದುತ್ತಿರುವವಳು, ಅಜ್ಜಿಯ ಹಾಡನ್ನು ಕೇಳಿಕೊಂಡು ನಮ್ಮ ಮನೆಗೆ ಬಂದಿದ್ದಳು. ಪದಗಳೇನೋ ನನ್ನ ಪುಸ್ತಕದಲ್ಲಿ ಪೂರ್ಣವಾಗಿದ್ದುವು, ಬರೆದುಕೊಂಡಳು. ಧಾಟಿ ಬೇಕೆಂದಳು. ನನ್ನ ಈ ಶ್ಲೋಕದ ಕಂಠದಿಂದಲೇ ನಾಲ್ಕು ನುಡಿ ಹೇಳಿದೆನು. ಫೋನಿನಲ್ಲಿ ಹಿಡಿದುಕೊಂಡು, ಒಮ್ಮೆ ತಿರುಗಿ ಕೇಳಿ, “ಅಜ್ಜಿ ಇಲ್ಲಿ ಇನ್ನೂ ಕೆಳಗೆ ಇಳೀತಿದ್ಲು” ಎಂದು ತಾನೇ ಹೇಳಿ ತೋರಿಸಿದಳು.