ಬಿಸಿಲಿನ ಬೆಲೆ

ನಮ್ಮ ನವಲಗುಂದಕ್ಕೆ ಬಿಸಿಲಿನ ಬಡತನವೆಂಬುದಿಲ್ಲ. ಆದರೆ ಅದನ್ನು ಮಾಳಿಗೆಯ ಮೇಲೆ ಹಿಡಿದು ದೀಪ ಉರಿಸಬೇಕೆಂದರೆ ಲೆಕ್ಕ ಹಾಕಬೇಕು. 2 ಕಿಲೋವ್ಯಾಟಿನ ಸೌರ ಫಲಕಗಳಿಗೆ 2024ರ ಸೂರ್ಯಘರ್ ಯೋಜನೆಯ ನೆರವು 60,000 ರೂಪಾಯಿ. ಉಳಿದುದು ನನ್ನ ನಿವೃತ್ತಿಯ ಗಂಟಿನಿಂದ ಹೋಗತಕ್ಕದ್ದು. ದೊರೆಯುವುದು ದಿನಕ್ಕೆ ಸುಮಾರು 8 ಯೂನಿಟ್ಟು.

“ಬಿಲ್ಲ ಬರಲಾರದ ಮನಿಗೆ ಇಷ್ಟ್ ರೊಕ್ಕಾ ಯಾಕ್ರೀ?” ಎಂದಳು ನನ್ನಾಕೆ.

ಮಾತು ನಿಜವೇ. 2023ರಲ್ಲಿ ಗೃಹಜ್ಯೋತಿ ಬಂದಂದಿನಿಂದ ನಮ್ಮ ತಿಂಗಳ 110 ಯೂನಿಟ್ಟಿಗೆ ಶೂನ್ಯ ಬಿಲ್ಲು. ಶೂನ್ಯದಲ್ಲಿ ಉಳಿತಾಯ ಮಾಡುವ ಗಣಿತ ಭಾಸ್ಕರಾಚಾರ್ಯರಿಗೂ ಹೊಳೆಯಲಾರದು!

ಆದರೆ ಬಳಕೆ 200 ದಾಟಿದ ತಿಂಗಳು ಇಡೀ ಬಿಲ್ಲು ನಮ್ಮದೇ. 2025ರ ದರದಲ್ಲಿ ಸಾವಿರಕ್ಕೂ ಮಿಕ್ಕಿ. ಬೇಸಿಗೆಗೆ ಮೊಮ್ಮಕ್ಕಳು ಬಂದು ಕೂಲರು ತಿರುಗತೊಡಗಿದರೆ, ನನ್ನ ಕಣ್ಣು ಅವರ ಮುಖ ಬಿಟ್ಟು ಮೀಟರಿನ ಮೇಲೆ.

ಪ್ರತಿ ತಿಂಗಳೂ 300 ಯೂನಿಟ್ಟು ಉರಿಸುವ ನೆರೆಮನೆಯ ರಾಯರು ಫಲಕ ಹಾಕಿಸಲಿ, ಅವರಿಗದು ಲಾಭ. ವರುಷಕ್ಕೆರಡು ತಿಂಗಳ ಬಿಲ್ಲಿಗಾಗಿ ನಾವು ಗಂಟು ಬಿಚ್ಚುವುದು ವ್ಯವಹಾರವಲ್ಲ. ಎರಡು ಸಾವಿರಕ್ಕಾಗಿ ಮಕ್ಕಳನ್ನು ಬೆವರಿಸುವುದು ಅಜ್ಜನ ಲಕ್ಷಣವೂ ಅಲ್ಲ. ಆ ಬಿಲ್ಲನ್ನು ಇನ್ನು ಮುಂದೆ ಮಾವಿನಹಣ್ಣಿನ ಖರ್ಚಿನ ಸಾಲಿನಲ್ಲಿಯೇ ಬರೆದುಕೊಳ್ಳುತ್ತೇನೆ.